ಹರಳಿನ ಬೆಳಕು

ರಷ್ಯದ ತ್ವೆರ್ ನಗರದಲ್ಲಿ 1903ರಲ್ಲಿ ಜನಿಸಿದ ಓಲೆಗ್ ಲೋಸೆವನು ಎಳೆತನದಲ್ಲೇ ರೇಡಿಯೋ ವಿಜ್ಞಾನಕ್ಕೆ ಮನಸೋತನು. ಉನ್ನತ ವ್ಯಾಸಂಗದ ಅವಕಾಶ ದೊರೆಯದಿದ್ದರೂ ಎದೆಗುಂದದೆ ನಿಜ್ನಿ ನೊವ್‌ಗೊರೊಡ್ ನಗರದ ರೇಡಿಯೋ ಪ್ರಯೋಗಾಲಯದಲ್ಲಿ ಸಾಮಾನ್ಯ ನೌಕರನಾಗಿ ಸೇರಿದನು. 1922ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಜಿಂಕೈಟ್ ಎಂಬ ಖನಿಜದ ಹರಳಿನಿಂದ ಕ್ಷೀಣವಾದ ರೇಡಿಯೋ ಸಂಕೇತಗಳನ್ನು ವರ್ಧಿಸಿ ತೋರಿಸಿದನು.

ಸಿಲಿಕಾನ್ ಕಾರ್ಬೈಡ್ ಹರಳಿನಲ್ಲಿ ವಿದ್ಯುತ್ತು ಹರಿದಾಗ ಮಂದವಾದ ಬೆಳಕು ಮೂಡುವುದನ್ನೂ ಆತನು ಕಂಡನು. ಬೆಳಗುವ ಹರಳಿನ ಮೇಲಿಟ್ಟ ಬೆಂಜೀನ್ ದ್ರವವು ಬೇಗನೆ ಆವಿಯಾಗಲಿಲ್ಲ. ಆದ್ದರಿಂದ ಅದು ಶಾಖದಿಂದ ಹುಟ್ಟಿದ ಬೆಳಕಲ್ಲವೆಂದು ನಿರ್ಧರಿಸಿದನು.

ಮುಂದೆ ಲೆನಿನ್‌ಗ್ರಾಡಿನಲ್ಲಿ ನೆಲೆಸಿ ಸಂಶೋಧನೆಯನ್ನು ಮುಂದುವರಿಸಿದನು. 1941ರಲ್ಲಿ ಜರ್ಮನ್ ಸೇನೆಯು ಆ ನಗರವನ್ನು ಮುತ್ತಿದಾಗಲೂ ಅಲ್ಲಿಯೇ ಉಳಿದನು. 1942ರ ಜನವರಿಯಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ, ಹಸಿವಿನಿಂದ ಅಸುನೀಗಿದನು. ಅಂದು ಲೋಕವು ಹೆಚ್ಚಾಗಿ ಗಮನಿಸದ ಆ ಮಂದ ಬೆಳಕೇ ಇಂದಿನ ಎಲ್‌ಇಡಿ ದೀಪಗಳ ಪೂರ್ವರೂಪ.