ವೈನ್ ಆರೋಗ್ಯಕ್ಕೆ ಒಳ್ಳೆಯದೆಂದು ಲೂಯಿ ಪಾಶ್ಚರ್ ಹೇಳಿದ್ದು ನಿಜವೇ?

ಬಿಳಿ ಗಡ್ಡದ ವಿಜ್ಞಾನಿಯೊಬ್ಬರ ಫೋಟೋ, ಪಕ್ಕದಲ್ಲೊಂದು ಕೆಂಪು ವೈನಿನ ಲೋಟ. ಪಾನೀಯಗಳಲ್ಲೆಲ್ಲ ವೈನೇ ಆರೋಗ್ಯಕರವೆಂದು ಲೂಯಿ ಪಾಶ್ಚರ್ ಹೇಳಿದ್ದಾರೆ ಎಂದು ಕೆಳಗೊಂದು ಸಾಲು. ಇಂಥ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ವೈನ್ ಹಳೆಯದಾದಷ್ಟೂ ಒಳ್ಳೆಯದು ಎನ್ನುವ ಮಾತು ಅದರ ಬಾಲಕ್ಕೆ ಅಂಟಿಕೊಂಡು ಬರುವುದೂ ಉಂಟು.

ಪಾಶ್ಚರ್ ವೈನನ್ನು ಹೊಗಳಿದ್ದು ನಿಜ. ಆದರೆ ಅದನ್ನು ಯಾವಾಗ, ಎಂಥ ಪರಿಸ್ಥಿತಿಯಲ್ಲಿ ಹೊಗಳಿದರು ಎನ್ನುವುದನ್ನು ಫಾರ್ವರ್ಡ್ ಹೇಳುವುದಿಲ್ಲ. ಇನ್ನೊಂದು ವಿಷಯವಿದೆ. ಪರಿಣತರ ನಾಲಿಗೆಯನ್ನು ಕೂಡ ಪರೀಕ್ಷೆ ಮಾಡದೆ ನಂಬಬಾರದೆಂದು ವೈನಿನ ಲೋಟ ಹಿಡಿದೇ ತೋರಿಸಿಕೊಟ್ಟವರು ಇದೇ ಪಾಶ್ಚರ್. ಹಾಗಾಗಿ ಅವರ ಬದುಕನ್ನೊಮ್ಮೆ ನೋಡಿಕೊಂಡು ಬರೋಣ.

ದ್ರಾಕ್ಷಿತೋಟಗಳ ಊರಿನ ಹುಡುಗ

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಪೂರ್ವಭಾಗದಲ್ಲಿರುವ ಜುರಾ ಸೀಮೆಯ ಡೋಲ್ ಎಂಬ ಊರಿನಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿದ್ದವರು, ಆಮೇಲೆ ಚರ್ಮ ಹದ ಮಾಡುವ ಕಸುಬು ಹಿಡಿದವರು. ಪಾಶ್ಚರ್ ಚಿಕ್ಕವರಿದ್ದಾಗಲೇ ಮನೆಯವರು ಆರ್ಬ್ವಾ ಎಂಬ ಊರಿಗೆ ಬಂದು ನೆಲೆಸಿದರು. ಆರ್ಬ್ವಾ ಎಂದರೆ ಸುತ್ತಲೂ ದ್ರಾಕ್ಷಿತೋಟ, ನೆಲಮಾಳಿಗೆಗಳಲ್ಲಿ ಸಾಲು ಸಾಲು ವೈನ್ ಪೀಪಾಯಿ. ಆ ಸೀಮೆಯಲ್ಲಿ ಹಳದಿ ವೈನ್ ಎಂದೇ ಹೆಸರಾದ ಒಂದು ಬಗೆಯಿದೆ. ಅದನ್ನು ಇವತ್ತಿಗೂ ಆರು ವರ್ಷಕ್ಕಿಂತ ಹೆಚ್ಚು ಕಾಲ ಪೀಪಾಯಿಯಲ್ಲಿಟ್ಟು ಹಳೆಯದು ಮಾಡುತ್ತಾರೆ.

ಅವರ ಮೊದಲ ದೊಡ್ಡ ಸಂಶೋಧನೆಗೂ ವೈನಿಗೂ ನಂಟಿದೆ. ವೈನ್ ಪೀಪಾಯಿಯ ಒಳಗೋಡೆಗೆ ಗಟ್ಟಿಯಾದ ಹರಳುಗಳು ಅಂಟಿಕೊಳ್ಳುತ್ತವೆ. ಅವು ಟಾರ್ಟಾರಿಕ್ ಆಮ್ಲದ ಲವಣ. ನಮ್ಮ ಹುಣಸೆಹಣ್ಣಿನ ಹುಳಿಗೂ ಇದೇ ಆಮ್ಲ ಕಾರಣ. ಈ ಆಮ್ಲಕ್ಕೆ ಸಂಬಂಧಿಸಿದ ಇನ್ನೊಂದು ಲವಣದಲ್ಲಿ ಎರಡು ಬಗೆಯ ಹರಳುಗಳಿರುವುದನ್ನು 1848ರಲ್ಲಿ, 25ರ ಹರೆಯದಲ್ಲಿ, ಪಾಶ್ಚರ್ ಕಂಡುಕೊಂಡರು. ಎಡಗೈ ಬಲಗೈ ಇದ್ದ ಹಾಗೆ ಒಂದು ಇನ್ನೊಂದರ ಕನ್ನಡಿ ಬಿಂಬ. ಅವನ್ನು ಒಂದೊಂದಾಗಿ ಕೈಯಲ್ಲೇ ಆರಿಸಿ ಬೇರೆ ಮಾಡಿದರು. ಅಣುಗಳ ಆಕಾರವೂ ಮುಖ್ಯ ಎನ್ನುವ ರಸಾಯನಶಾಸ್ತ್ರದ ದಾರಿ ತೆರೆದದ್ದು ಅಲ್ಲಿಂದ.

1854ರಲ್ಲಿ ಅವರು ಲಿಲ್ ನಗರಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಬೀಟ್ರೂಟಿನಿಂದ ಆಲ್ಕೊಹಾಲ್ ತಯಾರಿಸುತ್ತಿದ್ದ ಕಾರ್ಖಾನೆಯೊಂದರಲ್ಲಿ ಸರಕು ಕೆಡುತ್ತಿತ್ತು. ಕಾರಣ ಹುಡುಕಲು ಹೋದ ಪಾಶ್ಚರ್, ಹುದುಗುವುದೆಂದರೆ ಬರೀ ರಾಸಾಯನಿಕ ಕ್ರಿಯೆಯಲ್ಲ, ಅದು ಕಣ್ಣಿಗೆ ಕಾಣದ ಜೀವಿಗಳ ಕೆಲಸ ಎನ್ನುವ ತೀರ್ಮಾನದತ್ತ ಬಂದರು. ಒಂದು ಜೀವಿ ಸಕ್ಕರೆಯನ್ನು ಆಲ್ಕೊಹಾಲ್ ಮಾಡುತ್ತದೆ, ಇನ್ನೊಂದು ಹಾಲನ್ನು ಹುಳಿ ಮಾಡುತ್ತದೆ. ದೋಸೆ ಹಿಟ್ಟು ರಾತ್ರಿಯೆಲ್ಲ ಉಬ್ಬುವುದನ್ನು ನೋಡಿ ಬೆಳೆದ ನಮಗೆ ಇದು ಸಹಜ ಎನಿಸಬಹುದು. ಆಗಿನ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರು ಇದನ್ನು ಒಪ್ಪಿರಲಿಲ್ಲ.

ವೈನಿಗೂ ರೋಗ ಬರುತ್ತದೆಯೇ?

1860ರಲ್ಲಿ ಫ್ರಾನ್ಸಿಗೂ ಬ್ರಿಟನ್ನಿಗೂ ವ್ಯಾಪಾರ ಒಪ್ಪಂದವಾಗಿ ಫ್ರಾನ್ಸಿನ ವೈನಿಗೆ ಹೊಸ ಮಾರುಕಟ್ಟೆ ತೆರೆಯಿತು. ಆದರೆ ದೂರ ಹೋದ ವೈನ್ ಕೆಡುತ್ತದೆ ಎನ್ನುವ ದೂರು ತಪ್ಪಲಿಲ್ಲ. ಕೆಲವು ವೈನ್ ವಿನೆಗರಿನಂತೆ ಹುಳಿಯಾಗುತ್ತಿತ್ತು, ಕೆಲವು ಎಣ್ಣೆಯಂತೆ ಲೋಳೆಯಾಗುತ್ತಿತ್ತು. ಬರ್ಗಂಡಿಯ ಬೆಲೆಬಾಳುವ ಹಳೆಯ ವೈನ್ ಕಹಿಯಾಗುತ್ತಿತ್ತು. 1863ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್, ಇದಕ್ಕೆ ಕಾರಣ ಕಂಡುಹಿಡಿಯುವಂತೆ ಪಾಶ್ಚರ್ ಅವರನ್ನು ಕೇಳಿಕೊಂಡ.

ಪಾಶ್ಚರ್ ತಮ್ಮ ಶಿಷ್ಯರನ್ನು ಕರೆದುಕೊಂಡು ಆರ್ಬ್ವಾಗೇ ಹೋದರು. ಹಳೆಯ ಕೆಫೆಯೊಂದರ ಜಾಗದಲ್ಲಿ ಪ್ರಯೋಗಾಲಯ ಹೂಡಿದರು. ಬಾಲ್ಯದ ಗೆಳೆಯರ ನೆಲಮಾಳಿಗೆಗಳಿಂದ ಹೊಸ ವೈನ್, ಹಳೆಯ ವೈನ್, ಕೆಟ್ಟ ವೈನ್ ಎಲ್ಲವೂ ಅಲ್ಲಿಗೆ ಬಂದವು. ಒಂದೊಂದರ ಗಸಿಯನ್ನೂ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಒಂದು ಕ್ರಮ ಕಾಣಿಸಿತು. ಒಳ್ಳೆಯ ವೈನಿನ ಗಸಿಯಲ್ಲಿ ಇಲ್ಲದ ಬೇರೆ ಆಕಾರದ ಸೂಕ್ಷ್ಮಜೀವಿಗಳು ಕೆಟ್ಟ ವೈನಿನಲ್ಲಿದ್ದವು. ಹುಳಿಯಾದ ವೈನಿನಲ್ಲಿ ಒಂದು ಬಗೆ, ಲೋಳೆಯಾದದ್ದರಲ್ಲಿ ಇನ್ನೊಂದು, ಕಹಿಯಾದದ್ದರಲ್ಲಿ ಮತ್ತೊಂದು.

ಊರಿನ ವೈನ್ ತಯಾರಕರು ಅವರನ್ನು ಪರೀಕ್ಷಿಸಲು ಸೀಸೆಗಳನ್ನು ತಂದಿಟ್ಟರೆಂದೂ, ಪಾಶ್ಚರ್ ಬಾಯಿಗೆ ಹಾಕದೆ ಬರೀ ಸೂಕ್ಷ್ಮದರ್ಶಕ ನೋಡಿಯೇ ಯಾವುದಕ್ಕೆ ಯಾವ ರುಚಿ ಎಂದು ಹೇಳಿದರೆಂದೂ ಒಂದು ಕಥೆ ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಕಥೆಗೆ ಸ್ವಲ್ಪ ಬಣ್ಣ ಸೇರಿರಬಹುದು. ಆದರೆ ನಾಲಿಗೆಗೆ ಗೊತ್ತಾಗುವ ಮೊದಲೇ ಗಸಿಯಲ್ಲಿ ರೋಗದ ಸುಳಿವು ಸಿಗುತ್ತದೆ ಎನ್ನುವುದು ಅವರ ನಿಜವಾದ ಸಂಶೋಧನೆ.

ಹೊಸ ವೈನ್ ಹಳೆಯದಾಗುವುದು ಹೇಗೆ?

ಹೊಸ ಕೆಂಪು ವೈನ್ ಬಾಯಲ್ಲಿ ಒಗರು. ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್ ಇದಕ್ಕೆ ಕಾರಣ. ವರ್ಷಗಳು ಕಳೆದಂತೆ ಒಗರು ಇಳಿಯುತ್ತದೆ. ದಟ್ಟ ಕೆಂಪು ಬಣ್ಣ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗುತ್ತದೆ. ಹಸಿ ಹಣ್ಣಿನ ವಾಸನೆ ಹೋಗಿ ಒಣಹಣ್ಣಿನಂಥ ಬೇರೆ ಪರಿಮಳ ಬರುತ್ತದೆ.

ಇದು ಹೇಗಾಗುತ್ತದೆ ಎಂದು ನೋಡಲು ಪಾಶ್ಚರ್ ಗಾಜಿನ ಕೊಳವೆಗಳಲ್ಲಿ ವೈನ್ ತುಂಬಿ ಬಾಯಿ ಮುಚ್ಚಿದರು. ಕೆಲವನ್ನು ಗಾಳಿಯೇ ಇಲ್ಲದಂತೆ ಪೂರ್ತಿ ತುಂಬಿದರು, ಕೆಲವನ್ನು ಅರ್ಧ ಮಾತ್ರ. ಪೂರ್ತಿ ತುಂಬಿದ ಕೊಳವೆಯ ವೈನ್ ಹಾಗೇ ಉಳಿಯಿತು. ಗಾಳಿಯಿದ್ದ ಕೊಳವೆಯಲ್ಲಿ ಬಣ್ಣ ಇಳಿದು ಗಸಿ ಕಟ್ಟಿ, ಹೊಸ ವೈನ್ ವಾರಗಳಲ್ಲೇ ಹಳೆಯದರಂತೆ ಆಯಿತು. ಪೀಪಾಯಿಯ ಮರದ ಮೂಲಕ ಸ್ವಲ್ಪ ಸ್ವಲ್ಪವೇ ಒಳಬರುವ ಆಮ್ಲಜನಕ ವೈನನ್ನು ಹದಕ್ಕೆ ತರುತ್ತದೆ ಎಂದು ಅವರು ತೀರ್ಮಾನಿಸಿದರು. ಗಾಳಿ ತಾಗಿದರೆ ವೈನ್ ಕೆಟ್ಟೇ ಹೋಗುತ್ತದೆ ಎನ್ನುತ್ತಿದ್ದವರಿಗೆ ಇದು ಹೊಸ ವಿಷಯ.

ಪಾಶ್ಚರ್ ತಿಳಿದಿದ್ದು ಪೂರ್ತಿ ಕಥೆಯಲ್ಲ. ಬಿರಡೆ ಹಾಕಿದ ಸೀಸೆಯೊಳಗೆ ಆಮ್ಲಜನಕ ಬಹಳ ಕಡಿಮೆ. ಅಲ್ಲಿಯೂ ಟ್ಯಾನಿನ್ ಮತ್ತು ಬಣ್ಣದ ಅಣುಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗಿ ತಳಕ್ಕೆ ಇಳಿಯುತ್ತವೆ ಎಂದು ಈಗ ಗೊತ್ತಾಗಿದೆ.

ಹಾಗಾದರೆ ಹಳೆಯದಾದಷ್ಟೂ ಒಳ್ಳೆಯದೇ? ಅಲ್ಲ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ವೈನ್ ತಯಾರಾಗುವುದೇ ಕೆಲವು ವರ್ಷಗಳೊಳಗೆ ಕುಡಿಯಲೆಂದು. ಹಾಗೇ ಇಟ್ಟುಕೊಂಡರೆ ಹಣ್ಣಿನ ಪರಿಮಳ ಹೋಗಿ ಸಪ್ಪೆಯಾಗುತ್ತದೆ. ಟ್ಯಾನಿನ್, ಹುಳಿ ಅಥವಾ ಸಕ್ಕರೆ ಸಾಕಷ್ಟಿರುವ ಕೆಲವು ಮಾತ್ರ ದೀರ್ಘಕಾಲ ತಾಳುತ್ತವೆ. ಪಾಶ್ಚರ್ ಅವರ ಜುರಾ ಸೀಮೆಯದೇ 1774ನೇ ಸಾಲಿನ ಹಳದಿ ವೈನಿನ ಒಂದು ಸೀಸೆ 2018ರಲ್ಲಿ ಒಂದು ಲಕ್ಷ ಯೂರೋಗೂ ಹೆಚ್ಚಿಗೆ ಹರಾಜಾಯಿತು. ಅದು ಅಪರೂಪದಲ್ಲಿ ಅಪರೂಪದ ಸಂಗತಿ.

ಒಂದೇ ವೈನ್, ಎರಡು ಲೋಟ

ರೋಗಕ್ಕೆ ಸೂಕ್ಷ್ಮಜೀವಿ ಕಾರಣವೆಂದ ಮೇಲೆ ಪರಿಹಾರ ಏನು? ಕುದಿಸಿದರೆ ರುಚಿ ಕೆಡುತ್ತದೆ. ಗಾಳಿ ತಾಗದಂತೆ ಸುಮಾರು 55 ಡಿಗ್ರಿಯವರೆಗೆ ಸ್ವಲ್ಪ ಹೊತ್ತು ಬಿಸಿ ಮಾಡಿದರೆ ಸಾಕೆಂದು ಪಾಶ್ಚರ್ ಕಂಡುಕೊಂಡರು. 1865ರಲ್ಲಿ ಪೇಟೆಂಟ್ ಪಡೆದು, ಆಮೇಲೆ ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಬಿಸಿ ಮಾಡುವ ಉಪಾಯ ಮೊದಲು ತಮ್ಮದೆಂದು ವಾದಿಸಿದವರೂ ಇದ್ದರು. ಯಾಕೆ ಬಿಸಿ ಮಾಡಬೇಕು ಎನ್ನುವುದಕ್ಕೆ ಕಾರಣ ಕೊಟ್ಟದ್ದು ಪಾಶ್ಚರ್.

ಬಿಸಿ ಮಾಡಿದ ವೈನ್ ಯಾರಿಗೆ ಬೇಕು ಎಂದು ರಸಿಕರು ಮೂಗು ಮುರಿದರು. ಅದೇ ವರ್ಷ ಪ್ಯಾರಿಸ್ಸಿನ ವೈನ್ ವ್ಯಾಪಾರಿಗಳ ಕಡೆಯ ಪರಿಣತರು ಕೂತು ಬಿಸಿ ಮಾಡಿದ ವೈನನ್ನೂ ಮಾಡದ್ದನ್ನೂ ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಿದರು. ವ್ಯತ್ಯಾಸ ಇದ್ದರೂ ಬಹಳ ಸಣ್ಣದು ಎಂದು ಕಂಡಿತು. ಆಗ ಪಾಶ್ಚರ್ ಒಂದು ಉಪಾಯ ಮಾಡಿದರು. ಏನೂ ಹೇಳದೆ ಒಂದೇ ವೈನನ್ನು ಎರಡು ಲೋಟಗಳಲ್ಲಿ ಕೊಟ್ಟರು. ಆಗಲೂ ವ್ಯತ್ಯಾಸ ಕಂಡವರಿದ್ದರು! ವೈನ್ ಎರಡೂ ಒಂದೇ, ವ್ಯತ್ಯಾಸ ಇದ್ದದ್ದು ಮನಸ್ಸಿನಲ್ಲಿ.

ಇದರಿಂದ ಆ ಪರಿಣತರು ಮೋಸಗಾರರೆಂದು ತಿಳಿಯಬೇಕಿಲ್ಲ. ಏನು ನಿರೀಕ್ಷಿಸುತ್ತೇವೋ ಅದೇ ರುಚಿ ನಮಗೆ ಸಿಗುತ್ತದೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಜನರಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದನ್ನು ಬಣ್ಣಿಸಿದರು. ಬೆಲೆಪಟ್ಟಿ, ಸೀಸೆಯ ಮೇಲಿನ ವರ್ಷ, ಪಕ್ಕದವರ ಅಭಿಪ್ರಾಯ ಇವೆಲ್ಲವೂ ಲೋಟದೊಳಗೆ ಬೆರೆಯುತ್ತವೆ. ಅದಕ್ಕೇ ವೈನ್ ಬಲ್ಲವರು ಇಂದು ಸೀಸೆಯ ಹೆಸರು ಮುಚ್ಚಿಟ್ಟು ರುಚಿ ನೋಡುತ್ತಾರೆ, ಆಮೇಲಷ್ಟೇ ಚರ್ಚೆ.

ಪಾಶ್ಚರ್ ನಾಲಿಗೆಯ ತೀರ್ಪಿಗೆ ನಿಲ್ಲಲಿಲ್ಲ. ಜ್ಯಾಂ ಬಾರ್ ಎಂಬ ಹಡಗಿನಲ್ಲಿ 500 ಲೀಟರ್ ವೈನ್ ಕಳಿಸಲಾಯಿತು, ಅರ್ಧ ಬಿಸಿ ಮಾಡಿದ್ದು, ಅರ್ಧ ಹಾಗೇ ಇದ್ದದ್ದು. ಹತ್ತು ತಿಂಗಳು ಸಮುದ್ರ ಸುತ್ತಿ ಬಂದಾಗ ಬಿಸಿ ಮಾಡಿದ ವೈನ್ ತಿಳಿಯಾಗಿ ಚೆನ್ನಾಗಿತ್ತು, ಇನ್ನೊಂದು ಹುಳಿಗೆ ತಿರುಗುತ್ತಿತ್ತು.

ಹೊಗಳಿದ್ದು ಯಾವ ಕಾಲದಲ್ಲಿ?

ವೈನ್ ಕುರಿತ ಅವರ ಪುಸ್ತಕ ಬಂದದ್ದು 1866ರಲ್ಲಿ. ವೈನ್ ಆರೋಗ್ಯಕರ ಪಾನೀಯ ಎಂಬ ಹೊಗಳಿಕೆ ಇರುವುದು ಅದರಲ್ಲೇ. ಆ ಕಾಲವನ್ನು ನೆನೆಸಿಕೊಳ್ಳಿ. ಹಿಂದಿನ ವರ್ಷವಷ್ಟೇ ಪ್ಯಾರಿಸ್ಸಿನಲ್ಲಿ ಕಾಲರಾ ಹಬ್ಬಿತ್ತು. ಕುಡಿಯುವ ನೀರಿಗೆ ಕ್ಲೋರಿನ್ ಹಾಕುವ ಪದ್ಧತಿ ಇನ್ನೂ ಬಂದಿರಲಿಲ್ಲ. ಟೈಫಾಯ್ಡ್ ರೋಗಾಣು ಪತ್ತೆಯಾಗಲು ಇನ್ನೂ 14 ವರ್ಷ ಬೇಕಿತ್ತು. ಕೊಳಕು ನೀರಿನ ಪಕ್ಕದಲ್ಲಿಟ್ಟರೆ, ಹುಳಿಯೂ ಆಲ್ಕೊಹಾಲೂ ಇದ್ದು ರೋಗಾಣುಗಳಿಗೆ ಬದುಕಲು ಕಷ್ಟವಾದ ವೈನ್ ಒಳ್ಳೆಯದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪಾಶ್ಚರ್ ದಂಪತಿಗೆ ಐವರು ಮಕ್ಕಳು. 1859ರಲ್ಲಿ 9 ವರ್ಷದ ಜೀನ್ ಟೈಫಾಯ್ಡಿನಿಂದ ತೀರಿಕೊಂಡಳು. 1865ರಲ್ಲಿ 2 ವರ್ಷದ ಕಮೀಯ್ ಹೋದಳು. ವೈನ್ ಪುಸ್ತಕ ಪ್ರಕಟವಾದ 1866ರಲ್ಲೇ 12 ವರ್ಷದ ಸೆಸೀಲ್ ಕೂಡ ಟೈಫಾಯ್ಡಿಗೆ ಬಲಿಯಾದಳು. ಆ ಹೊಗಳಿಕೆಯನ್ನು ಓದುವಾಗ ಇದೂ ನಮ್ಮ ನೆನಪಿನಲ್ಲಿರಬೇಕು.

ಇವತ್ತು ನಮ್ಮ ಎದುರಿಗಿರುವ ಹೋಲಿಕೆ ವೈನ್ ಮತ್ತು ಕೊಳಕು ನೀರಿನದಲ್ಲ, ವೈನ್ ಮತ್ತು ಶುದ್ಧ ನೀರಿನದು. ಆಲ್ಕೊಹಾಲ್ ಇರುವ ಪಾನೀಯಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ವರ್ಗೀಕರಿಸಿದೆ. ಇಷ್ಟು ಕುಡಿದರೆ ಅಪಾಯವೇ ಇಲ್ಲ ಎನ್ನುವ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಸ್ವಲ್ಪ ಕುಡಿಯುವವರು ಕುಡಿಯದವರಿಗಿಂತ ಆರೋಗ್ಯವಾಗಿದ್ದಾರೆ ಎಂದ ಹಳೆಯ ಅಧ್ಯಯನಗಳಲ್ಲಿ ಒಂದು ತೊಡಕಿತ್ತು. ಕಾಯಿಲೆ ಬಂದು ಕುಡಿತ ಬಿಟ್ಟವರನ್ನೂ ಹಲವು ಅಧ್ಯಯನಗಳು ಕುಡಿಯದವರ ಲೆಕ್ಕಕ್ಕೇ ಸೇರಿಸಿದ್ದವು.

ವೈನಿನಿಂದ ಹಾಲಿನ ಪ್ಯಾಕೆಟ್ಟಿಗೆ

1868ರಲ್ಲಿ, 45ರ ವಯಸ್ಸಿಗೇ, ಪಾರ್ಶ್ವವಾಯು ಬಡಿದು ಪಾಶ್ಚರ್ ಅವರ ಎಡಭಾಗ ಸ್ವಾಧೀನ ತಪ್ಪಿತು. ಆದರೂ ಕೆಲಸ ನಿಲ್ಲಲಿಲ್ಲ. 1874ರಲ್ಲಿ ಆರ್ಬ್ವಾ ಬಳಿ ಒಂದು ದ್ರಾಕ್ಷಿತೋಟ ಕೊಂಡರು. 1878ರಲ್ಲಿ ಅದರ ಬಳ್ಳಿಗಳಿಗೆ ಗಾಜಿನ ಮನೆ ಕಟ್ಟಿಸಿ, ಗೊಂಚಲುಗಳಿಗೆ ಹತ್ತಿ ಸುತ್ತಿಸಿ, ಹುದುಗು ತರುವ ಯೀಸ್ಟ್ ಹಣ್ಣಿನ ಒಳಗಿನಿಂದ ಬರುವುದಿಲ್ಲ, ಹೊರಗಿನಿಂದ ಬಂದು ಸಿಪ್ಪೆಯ ಮೇಲೆ ಕೂರುತ್ತದೆ ಎಂದು ತೋರಿಸಿದರು. ವೈನಿಗೆ ರೋಗ ತರುವ ಜೀವಿಗಳಿವೆಯೆಂದರೆ ಪ್ರಾಣಿಗಳಿಗೂ ಮನುಷ್ಯರಿಗೂ ಇರಬೇಕಲ್ಲ? 1881ರಲ್ಲಿ ಕುರಿಗಳಿಗೆ ಆಂಥ್ರಾಕ್ಸ್ ಲಸಿಕೆ, 1885ರಲ್ಲಿ ಹುಚ್ಚುನಾಯಿ ಕಡಿದ ಬಾಲಕ ಜೋಸೆಫ್ ಮೈಸ್ಟರನಿಗೆ ರೇಬೀಸ್ ಲಸಿಕೆ ಬಂದದ್ದು ಈ ದಾರಿಯಲ್ಲಿ. 1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ತೀರಿಕೊಂಡರು.

ಉತ್ತಮ ವೈನ್ ತಯಾರಕರು ಈಗ ಸಾಮಾನ್ಯವಾಗಿ ವೈನನ್ನು ಬಿಸಿ ಮಾಡುವುದಿಲ್ಲ. ಸಲ್ಫರ್ ಡೈಆಕ್ಸೈಡ್, ಸೂಕ್ಷ್ಮ ಸೋಸುವಿಕೆಯಂಥ ಬೇರೆ ದಾರಿಗಳು ಬಂದಿವೆ. ಆದರೆ ವೈನಿಗಾಗಿ ಹುಟ್ಟಿದ ಪಾಶ್ಚರೀಕರಣ ಹಾಲಿನ ಡೇರಿ ಸೇರಿತು. ಮಕ್ಕಳಿಗೆ ಕೊಡುವ ಹಾಲಿಗೆ ಇದನ್ನು 1886ರಲ್ಲಿ ಸೂಚಿಸಿದವರು ಫ್ರಾಂಜ್ ಫಾನ್ ಸಾಕ್ಸ್‌ಲೆಟ್. ಇಂದು ಡೇರಿಗಳಲ್ಲಿ ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಬಿಸಿ ಮಾಡಿ ಕೂಡಲೇ ತಣಿಸುತ್ತಾರೆ. ಬೆಳಿಗ್ಗೆ ನಾವು ಕತ್ತರಿಸುವ ಪ್ಯಾಕೆಟ್ಟಿನ ಮೇಲೆ ಅವರ ಹೆಸರು ಬಂದದ್ದು ಹೀಗೆ.

ಒಟ್ಟಿನಲ್ಲಿ ಏನು?

ಪಾಶ್ಚರ್ ವೈನನ್ನು ಹೊಗಳಿದ್ದರು: ನಿಜ. ಅದು ಇಂದಿನ ಆರೋಗ್ಯ ಸಲಹೆ: ಅಲ್ಲ. ಎಲ್ಲ ವೈನೂ ಹಳೆಯದಾದಷ್ಟೂ ಒಳ್ಳೆಯದು: ತಪ್ಪು. ಹೃದಯಕ್ಕೆ ಒಳ್ಳೆಯದೆಂದು ನಂಬಿ ಇದುವರೆಗೆ ಕುಡಿಯದವರು ಕುಡಿಯಲು ಶುರುಮಾಡಬೇಕಾಗಿಲ್ಲ. ಮಾತ್ರೆ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಫಾರ್ವರ್ಡ್ ಕೂಡ ಆ ಎರಡು ಲೋಟಗಳ ಹಾಗೆಯೇ. ದೊಡ್ಡವರ ಹೆಸರು, ಗಡ್ಡದ ಫೋಟೋ ನೋಡಿದ ಕೂಡಲೇ ಮಾತಿಗೆ ಬೇರೆಯೇ ರುಚಿ ಬಂದುಬಿಡುತ್ತದೆ. ಮುಂದಿನ ಸಲ ಇಂಥದ್ದು ಬಂದಾಗ ಹೆಸರನ್ನೊಮ್ಮೆ ಬೆರಳಿನಿಂದ ಮುಚ್ಚಿ ಓದೋಣ. ಆಮೇಲೂ ಮಾತು ನಿಲ್ಲುವಂತಿದ್ದರೆ ಮಾತ್ರ ಇನ್ನೊಬ್ಬರಿಗೆ ಕಳಿಸೋಣ.