ಬಳೆಗಾರರ ಮನೆಯಿಂದ ಕವಿಚಕ್ರವರ್ತಿ ಪಟ್ಟದವರೆಗೆ: ಮುಧೋಳದ ರನ್ನ

ಮುಧೋಳ: ತಾಲೂಕಿನಾಗ ರನ್ನನ ಹೆಸರು ಕೇಳದವರು ಸಿಗೋದು ಕಷ್ಟ. ಸಕ್ಕರೆ ಕಾರ್ಖಾನೆಗೆ ಅವನ ಹೆಸರು, ಬೆಳಗಲಿಗೆ ಅವನ ಹೆಸರು, ರನ್ನ ವೈಭವ ಅಂತ ಉತ್ಸವ ಬೇರೆ. ಆದ್ರೆ ಆತ ಯಾರ ಮನೆ ಮಗ ಅನ್ನೋದನ್ನ ಭಾಷಣದಾಗ ಒಂದೇ ಸಾಲಿಗೆ ಮುಗಿಸಿಬಿಡ್ತಾರೆ.

ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಆಗಿನ ಮುದುವೊಳಲಿನಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಧರ್ಮ ಜೈನ, ಮನೆ ಕಸುಬು ಬಳೆ ಮಾರೋದು. ಬಳೆಗಾರನಿಗೆ ಎಲ್ಲರ ಅಂಗಳಕ್ಕೂ ಕರೆ ಇರ್ತದೆ, ಆಸ್ಥಾನಕ್ಕೆ ಮಾತ್ರ ಇರಲ್ಲ. ಅವನಿಗಿಂತ ಮೊದಲಿನ ಪಂಪ ಬ್ರಾಹ್ಮಣ ಮೂಲದ ಮನೆಯವ. ರನ್ನನ ಬೆನ್ನಿಗೆ ಅಂಥದ್ದೇನೂ ಇರಲಿಲ್ಲ.

ಕಲಿಯೋ ಹಂಬಲ ಅವನನ್ನ ಊರು ಬಿಡಿಸಿತು. ಘಟಪ್ರಭೆ ದಂಡೆಯಿಂದ ದೂರದ ಗಂಗರ ನಾಡಿಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ವಿದ್ಯೆ ಕೊಟ್ಟರು, ಗೊಮ್ಮಟನನ್ನು ಕೆತ್ತಿಸಿದ ಚಾವುಂಡರಾಯ ಆಸರೆ ಕೊಟ್ಟ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆ ಮೇಲೆ ಕವಿರತ್ನ ಅನ್ನೋ ಅಕ್ಷರಗಳು ಇವತ್ತಿಗೂ ಅದಾವ.

ಮುಂದೆ ಚಾಲುಕ್ಯರ ಆಸ್ಥಾನ ಸೇರಿದ. ತೈಲಪನಿಂದ ಕವಿಚಕ್ರವರ್ತಿ ಬಿರುದು ಬಂತು. ಸತ್ಯಾಶ್ರಯನನ್ನ ಭೀಮನಿಗೆ ಹೋಲಿಸಿ ಗದಾಯುದ್ಧ ಬರೆದ. ಹೊಗಳಿದ್ದು ಭೀಮನನ್ನ, ಆದ್ರೆ ಓದಿದವರ ಎದೆಗೆ ತಾಗೋದು ದುರ್ಯೋಧನ. ಸೂತನ ಮನೆಯಾಗ ಬೆಳೆದು ಬದುಕಿನುದ್ದಕ್ಕೂ ಕುಲದ ಚುಚ್ಚುಮಾತು ಕೇಳಿದ ಕರ್ಣನ ಶವದ ಮುಂದೆ ಅರಸ ದುರ್ಯೋಧನ ಗೋಳಾಡುವ ಭಾಗವನ್ನ ಬಳೆಗಾರನ ಮಗ ಬರೆದಾನ ಅಂತ ನೆನಪಿಟ್ಟು ಓದಿದರೆ ಅದರ ತೂಕವೇ ಬೇರೆ.

ಅವನ ಬದುಕಿನ ಇನ್ನೊಂದು ದೊಡ್ಡ ಹೆಸರು ಅತ್ತಿಮಬ್ಬೆ. ದೊಡ್ಡ ಮನೆತನದ ಹೆಣ್ಣುಮಗಳು ಖರೆ, ಆದ್ರೆ ವಿಧವೆ. ಗಂಡ ನಾಗದೇವ ತೀರಿಕೊಂಡಾಗ, ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿ ಬರೆಸಿ ಹಂಚಿದಳು, ಲಕ್ಕುಂಡಿಯಾಗ ಬಸದಿ ಕಟ್ಟಿಸಿದಳು. ಆಕೆಯ ಆಶ್ರಯದಾಗ ರನ್ನ 993ರಲ್ಲಿ ಅಜಿತಪುರಾಣ ಮುಗಿಸಿದ.

ಬಿರುದು, ಮರ್ಯಾದೆ ಎಲ್ಲಾ ಬಂದ ಮೇಲೂ ಅದೇ ಪುರಾಣದಾಗ ತಾನು ಬಳೆಗಾರ ಕುಲದವ ಅಂತ ಮುಚ್ಚುಮರೆ ಇಲ್ಲದೆ ಹೇಳಿಕೊಂಡ. ತಂದೆ-ತಾಯಿ, ಅಣ್ಣಂದಿರು, ಹೆಂಡಂದಿರಾದ ಜಕ್ಕಿ, ಶಾಂತಿ, ಎಲ್ಲರ ಹೆಸರನ್ನೂ ಬರೆದಿಟ್ಟ. ಕೈ ಹಿಡಿದವರನ್ನೂ ಮರೀಲಿಲ್ಲ. ಅವನ ಮಗನ ಹೆಸರು ರಾಯ, ಮಗಳ ಹೆಸರು ಅತ್ತಿಮಬ್ಬೆ.