ಉಮ್ಮು ಸಲಮ: ವಿವಾಹ, ವೈಧವ್ಯ ಮತ್ತು ಹೆಣ್ಣಿನ ಸಮ್ಮತಿ

ಕನ್ನಡದಲ್ಲಿ ಮುಸ್ಲಿಂ ಮಹಿಳೆಯ ವಿವಾಹದ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದ ಕೃತಿಗಳಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮುಖ್ಯವಾದುದು. ಅಲ್ಲಿ ನಾದಿರಾಳ ದಾಂಪತ್ಯವನ್ನು ಮುರಿಯುವ ತೀರ್ಮಾನ ಅವಳ ತಂದೆಯದು; ಅವಳ ಸಮ್ಮತಿಯನ್ನು ಯಾರೂ ಕೇಳುವುದಿಲ್ಲ. ಆ ಕಾದಂಬರಿಯ ಚರ್ಚೆಗಳಲ್ಲಿ ಧರ್ಮದ ಮೂಲದಲ್ಲಿ ಹೆಣ್ಣಿನ ಸಮ್ಮತಿಗೆ ಯಾವ ಸ್ಥಾನವಿತ್ತು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರವನ್ನು ಕೇವಲ ಕಟ್ಟಳೆಗಳಲ್ಲಿ ಹುಡುಕದೆ, ಆ ಕಟ್ಟಳೆಗಳು ರೂಪುಗೊಳ್ಳುತ್ತಿದ್ದ ಕಾಲದಲ್ಲಿಯೇ ಬದುಕಿದ ಒಬ್ಬ ಮಹಿಳೆಯ ಜೀವನದಲ್ಲಿ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ. ಆ ಮಹಿಳೆ ಪ್ರವಾದಿ ಮುಹಮ್ಮದ್ ಅವರ ಪತ್ನಿಯರಲ್ಲೊಬ್ಬಳಾದ ಉಮ್ಮು ಸಲಮ.

ಆರಂಭಕಾಲದ ಇಸ್ಲಾಮಿನ ಮಹಿಳೆಯರೆಂದರೆ ಸಾಮಾನ್ಯವಾಗಿ ಖದೀಜಾ ಮತ್ತು ಆಯಿಷಾರ ಹೆಸರುಗಳೇ ಮುನ್ನೆಲೆಗೆ ಬರುತ್ತವೆ. ಉಮ್ಮು ಸಲಮಳ ಬದುಕು ಇವರಿಬ್ಬರ ನೆರಳಿನಲ್ಲಿ ತುಸು ಹಿಂದೆ ಸರಿದಿದೆ. ಆಕೆಯ ಬಗೆಗೆ ದೊರೆಯುವ ವಿವರಗಳು ಇಬ್ನ್ ಇಸ್‌ಹಾಕ್, ಇಬ್ನ್ ಸಅದ್ ಮೊದಲಾದವರ ಚರಿತ್ರೆಗಳಲ್ಲಿಯೂ ಬುಖಾರಿ, ಮುಸ್ಲಿಂ ಮೊದಲಾದವರ ಹದೀಸ್ ಸಂಗ್ರಹಗಳಲ್ಲಿಯೂ ಚದುರಿಕೊಂಡಿವೆ. ಇವು ಕ್ರಿ.ಶ. 8 ಮತ್ತು 9ನೆಯ ಶತಮಾನಗಳಲ್ಲಿ ಸಂಕಲನಗೊಂಡವು. ಅಂದರೆ ಘಟನೆಗಳಿಗೂ ಬರವಣಿಗೆಗೂ ನಡುವೆ ನೂರರಿಂದ ಇನ್ನೂರು ವರ್ಷಗಳಿಗೂ ಮಿಕ್ಕ ಮೌಖಿಕ ಪರಂಪರೆಯಿದೆ. ಆದುದರಿಂದ ಇಲ್ಲಿನ ನಿರೂಪಣೆಯು ಪರಂಪರೆ ಆಕೆಯನ್ನು ಹೇಗೆ ನೆನಪಿಟ್ಟುಕೊಂಡಿದೆ ಎಂಬುದರ ನಿರೂಪಣೆಯೂ ಹೌದು.

1

ಉಮ್ಮು ಸಲಮ ಎಂದರೆ ಸಲಮನ ತಾಯಿ ಎಂದರ್ಥ. ಆಕೆಯ ಸ್ವಂತ ಹೆಸರು ಹಿಂದ್. ಮಕ್ಕಾದ ಕುರೈಷ್ ಬುಡಕಟ್ಟಿನಲ್ಲಿ ಸಿರಿವಂತಿಕೆಗೂ ಅಧಿಕಾರಕ್ಕೂ ಹೆಸರಾಗಿದ್ದ ಮಖ್‌ಜೂಮ್ ಕುಲದಲ್ಲಿ ಆಕೆ ಹುಟ್ಟಿದಳು. ತಂದೆ ಅಬೂ ಉಮಯ್ಯ ತನ್ನೊಡನೆ ಪಯಣಿಸುವವರ ಊಟೋಪಚಾರವನ್ನು ತಾನೇ ನೋಡಿಕೊಳ್ಳುತ್ತಿದ್ದುದರಿಂದ ಪಯಣಿಗರ ಬುತ್ತಿ ಎಂಬರ್ಥದ ಬಿರುದನ್ನು ಪಡೆದಿದ್ದನು. ಹೊಸ ಧರ್ಮದ ಕಡುವಿರೋಧಿಯಾಗಿದ್ದ ಅಬೂ ಜಹಲ್ ಆಕೆಯ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳಲ್ಲೊಬ್ಬ. ಮುಂದೆ ಸೇನಾನಿಯಾಗಿ ಹೆಸರಾದ ಖಾಲಿದ್ ಬಿನ್ ವಲೀದ್ ಮತ್ತೊಬ್ಬ.

ಅದೇ ಕುಲದ ಇನ್ನೊಂದು ಕವಲಿಗೆ ಸೇರಿದ ಅಬ್ದುಲ್ಲಾ ಬಿನ್ ಅಬ್ದುಲ್ ಅಸದ್‌ನೊಡನೆ ಆಕೆಯ ಮದುವೆಯಾಯಿತು. ಅಬೂ ಸಲಮ ಎಂದೇ ಪ್ರಸಿದ್ಧನಾದ ಈತ ಪ್ರವಾದಿಯವರ ಸೋದರತ್ತೆಯ ಮಗ. ದಂಪತಿಗಳಿಬ್ಬರೂ ಮೊದಲ ತಲೆಮಾರಿನಲ್ಲೇ ಇಸ್ಲಾಮನ್ನು ಒಪ್ಪಿಕೊಂಡರು. ಕಿರುಕುಳ ಹೆಚ್ಚಿದಾಗ 615ರ ಸುಮಾರಿಗೆ ಅಬಿಸೀನಿಯಾಕ್ಕೆ ವಲಸೆ ಹೋದ ಚಿಕ್ಕ ತಂಡದಲ್ಲಿ ಇವರೂ ಇದ್ದರು. ಅಲ್ಲಿಂದ ಮಕ್ಕಾಕ್ಕೆ ಮರಳಿದ ಮೇಲೆ ಮದೀನಾಕ್ಕೆ ಹೊರಡುವ ಸಂದರ್ಭ ಬಂದಾಗ ನಡೆದ ಘಟನೆ, ಅಂದಿನ ಅರಬ್ ಸಮಾಜದಲ್ಲಿ ವಿವಾಹವೆಂದರೆ ಏನಾಗಿತ್ತು ಎಂಬುದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಅಬೂ ಸಲಮ ಹೆಂಡತಿಯನ್ನೂ ಎಳೆಯ ಮಗನನ್ನೂ ಒಂಟೆಯ ಮೇಲೆ ಕೂರಿಸಿಕೊಂಡು ಹೊರಟಾಗ ಆಕೆಯ ತವರಿನವರು ಅಡ್ಡಗಟ್ಟಿದರು. ಅವನು ಎಲ್ಲಿಗಾದರೂ ಹೋಗಲಿ, ತಮ್ಮ ಮನೆಯ ಹೆಣ್ಣನ್ನು ಊರೂರು ಅಲೆಸಲು ಬಿಡೆವು ಎಂದು ಆಕೆಯನ್ನು ಕಿತ್ತುಕೊಂಡರು. ಇದನ್ನು ಕಂಡು ಸಿಟ್ಟಿಗೆದ್ದ ಗಂಡನ ಕಡೆಯವರು, ಹೆಣ್ಣು ನಿಮ್ಮದಾದರೆ ಮಗು ನಮ್ಮದು ಎಂದು ಮಗುವಿಗೆ ಕೈಹಾಕಿದರು. ಎರಡೂ ಕಡೆಯವರ ಎಳೆದಾಟದಲ್ಲಿ ಮಗುವಿನ ತೋಳು ತಪ್ಪಿತು. ಗಂಡ ಒಬ್ಬನೇ ಮದೀನಾಕ್ಕೆ ಹೋದನು. ಹೆಂಡತಿ ತವರಿನಲ್ಲಿ ಉಳಿದಳು. ಮಗು ಗಂಡನ ಮನೆಯವರ ವಶವಾಯಿತು. ಇಲ್ಲಿ ಹೆಣ್ಣು ತವರುಕುಲದ ಸೊತ್ತು, ಮಗು ತಂದೆಯ ಕುಲದ ಸೊತ್ತು. ಗಂಡಹೆಂಡಿರ ಸಂಬಂಧವು ಈ ಎರಡು ಒಡೆತನಗಳ ನಡುವಣ ತಾತ್ಕಾಲಿಕ ಒಪ್ಪಂದ ಮಾತ್ರ. ದಂಪತಿಗಳ ಇಚ್ಛೆಗೆ ಈ ವ್ಯವಸ್ಥೆಯಲ್ಲಿ ಎಡೆಯೇ ಇರಲಿಲ್ಲ.

ಸುಮಾರು ಒಂದು ವರ್ಷ ಕಾಲ ಆಕೆ ದಿನವೂ ಬೆಳಿಗ್ಗೆ ಮಕ್ಕಾದ ಹೊರವಲಯದ ಅಬ್‌ತಹ್ ಎಂಬಲ್ಲಿ ಕುಳಿತು ಸಂಜೆಯವರೆಗೆ ಅಳುತ್ತಿದ್ದಳು. ಕೊನೆಗೆ ಬಂಧುವೊಬ್ಬನು ಮರುಗಿ ತನ್ನವರನ್ನು ಒಪ್ಪಿಸಿದನು. ಗಂಡನ ಕಡೆಯವರೂ ಮಗುವನ್ನು ಹಿಂದಿರುಗಿಸಿದರು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಕೆ ಒಬ್ಬಳೇ ಒಂಟೆಯೇರಿ ಹೊರಟಳು. ಮುಂದಿದ್ದುದು 400 ಕಿಲೋಮೀಟರಿಗೂ ಮಿಕ್ಕ ಮರಳುಗಾಡಿನ ದಾರಿ. ತನ್‌ಈಮ್ ಎಂಬಲ್ಲಿ ಎದುರಾದ ಉಸ್ಮಾನ್ ಬಿನ್ ತಲ್ಹಾ ಇನ್ನೂ ಇಸ್ಲಾಮನ್ನು ಸ್ವೀಕರಿಸಿರಲಿಲ್ಲ. ಆದರೂ ಒಂಟಿ ಹೆಣ್ಣನ್ನು ಬಿಟ್ಟುಹೋಗಲು ಮನಸ್ಸು ಬಾರದೆ ಒಂಟೆಯ ಮೂಗುದಾರ ಹಿಡಿದು ಮದೀನಾದ ಅಂಚಿನ ಕುಬಾದವರೆಗೆ ಆಕೆಯನ್ನು ತಲುಪಿಸಿ ಹಿಂದಿರುಗಿದನು. ಆಕೆ ಇಳಿಯುವಾಗ, ಏರುವಾಗ ಆತ ದೂರ ಸರಿದು ನಿಲ್ಲುತ್ತಿದ್ದುದನ್ನು ಆಕೆ ಬದುಕಿನುದ್ದಕ್ಕೂ ಕೃತಜ್ಞತೆಯಿಂದ ನೆನೆಯುತ್ತಿದ್ದಳು.

2

ಮದೀನಾದಲ್ಲಿ ಮತ್ತೆ ಕೂಡಿದ ಈ ದಾಂಪತ್ಯ ಹೆಚ್ಚು ಕಾಲ ಉಳಿಯಲಿಲ್ಲ. 625ರ ಉಹುದ್ ಯುದ್ಧದಲ್ಲಿ ಅಬೂ ಸಲಮನಿಗೆ ಆದ ಗಾಯ ಮಾಯಿದಂತೆ ಕಂಡರೂ, ಮತ್ತೊಂದು ದಂಡಯಾತ್ರೆಯ ನಂತರ ಮರುಕಳಿಸಿ ಅದೇ ವರ್ಷದ ಕೊನೆಯಲ್ಲಿ ಅವನು ತೀರಿಕೊಂಡನು. ಇಬ್ಬರಲ್ಲಿ ಯಾರು ಮೊದಲು ತೀರಿದರೂ ಉಳಿದವರು ಮರುಮದುವೆಯಾಗಬಾರದೆಂದು ಆಣೆ ಇಟ್ಟುಕೊಳ್ಳೋಣವೆಂದು ಆಕೆ ಒಮ್ಮೆ ಕೇಳಿದ್ದಳಂತೆ. ಆದರೆ ಗಂಡನು ಅದಕ್ಕೊಪ್ಪದೆ, ತಾನು ಸತ್ತರೆ ಆಕೆ ಮದುವೆಯಾಗಬೇಕೆಂದು ಹೇಳಿ, ತನಗಿಂತ ಒಳ್ಳೆಯವನು ಆಕೆಗೆ ದೊರೆಯಲೆಂದು ಹಾರೈಸಿದನೆಂದು ಇಬ್ನ್ ಸಅದ್ ದಾಖಲಿಸುತ್ತಾನೆ. ಅವನಿಗಿಂತ ಒಳ್ಳೆಯವನು ಯಾರಿದ್ದಾನು ಎಂಬುದೇ ಆಗ ಆಕೆಯ ಮನಸ್ಸಿನಲ್ಲಿದ್ದ ಪ್ರಶ್ನೆ.

ಇಸ್ಲಾಮ್‌ಪೂರ್ವದ ಅರಬ್ ವಿಧವೆಯ ಸ್ಥಿತಿಯನ್ನು ಕುರಿತ ಮಹತ್ವದ ವಿವರವೊಂದು ನಮಗೆ ದೊರೆಯುವುದು ಉಮ್ಮು ಸಲಮಳ ಮಗಳು ಝೈನಬಳಿಂದಲೇ. ಗಂಡ ಸತ್ತವಳು ಕಿರಿದಾದ ಗುಡಿಸಲನ್ನು ಹೊಕ್ಕು, ತನ್ನಲ್ಲಿರುವ ತೀರ ಕೀಳಾದ ಬಟ್ಟೆಯನ್ನುಟ್ಟು, ಸುಗಂಧವನ್ನು ಮುಟ್ಟದೆ ಒಂದು ವರ್ಷ ಕಳೆಯಬೇಕಿತ್ತು. ಕುರ್‌ಆನ್ ಈ ಅವಧಿಯನ್ನು ನಾಲ್ಕು ತಿಂಗಳು ಹತ್ತು ದಿನಗಳಿಗೆ ಇಳಿಸಿತು. ಆ ಬಳಿಕ ತನ್ನ ವಿಷಯದಲ್ಲಿ ಸರಿಯಾದ ರೀತಿಯಲ್ಲಿ ತೀರ್ಮಾನ ಕೈಗೊಳ್ಳಲು ಅವಳು ಸ್ವತಂತ್ರಳೆಂದು ಸಾರಿತು. ಇದ್ದತ್ ಎಂದು ಕರೆಯಲಾಗುವ ಈ ಕಾಯುವ ಅವಧಿಯನ್ನು ಕಳೆದ ಉಮ್ಮು ಸಲಮಳಿಗೆ ಅಬೂಬಕ್ಕರ್ ಹಾಗೂ ಉಮರ್ ಅವರಿಂದ ಮದುವೆಯ ಪ್ರಸ್ತಾಪಗಳು ಬಂದವು. ಮುಂದೆ ಖಲೀಫರಾದ ಈ ಇಬ್ಬರನ್ನೂ ಆಕೆ ನಿರಾಕರಿಸಿದಳು.

ನಂತರ ಪ್ರವಾದಿಯವರ ಪ್ರಸ್ತಾಪ ಬಂದಾಗಲೂ ಆಕೆ ಕೂಡಲೇ ಒಪ್ಪಲಿಲ್ಲ ಎಂಬುದು ಗಮನಾರ್ಹ. ತನಗೆ ವಯಸ್ಸಾಗಿದೆ, ತಾನು ಸವತಿಮತ್ಸರದ ಸ್ವಭಾವದವಳು, ತನಗೆ ಮಕ್ಕಳಿದ್ದಾರೆ, ತನ್ನ ಪೋಷಕರಾರೂ ಮದೀನಾದಲ್ಲಿಲ್ಲ ಎಂದು ತನ್ನ ತೊಡಕುಗಳನ್ನು ಒಂದೊಂದಾಗಿ ಮುಂದಿಟ್ಟಳು. ವಯಸ್ಸಿನಲ್ಲಿ ತಾವೇ ಹಿರಿಯರೆಂದೂ, ಮತ್ಸರ ನೀಗಲೆಂದು ಪ್ರಾರ್ಥಿಸುವುದಾಗಿಯೂ, ಮಕ್ಕಳ ಹೊಣೆ ತಮ್ಮದೆಂದೂ, ಪೋಷಕರಲ್ಲಿ ಯಾರೂ ಈ ಮದುವೆಯನ್ನು ಆಕ್ಷೇಪಿಸರೆಂದೂ ಪ್ರವಾದಿಯವರು ಉತ್ತರಿಸಿದರು. ಆ ಮೇಲೆಯೇ ಆಕೆ ಸಮ್ಮತಿಸಿದಳು. 626ರಲ್ಲಿ ನಡೆದ ಈ ನಿಕಾಹ್‌ನಲ್ಲಿ ತಾಯಿಯನ್ನು ಮದುವೆ ಮಾಡಿಕೊಟ್ಟವನು ಆಕೆಯ ಮಗನೇ. ಆ ಮಗ ಸಲಮನೋ ಅವನ ತಮ್ಮ ಉಮರನೋ ಎಂಬಲ್ಲಿ ಮೂಲಗಳು ಭಿನ್ನವಾಗಿವೆ.

ಚಿಕ್ಕ ಹುಡುಗನೊಬ್ಬ ತಾಯಿಯ ವಲೀ, ಅಂದರೆ ವಿವಾಹಪೋಷಕನಾಗಬಹುದೇ ಎಂಬುದು ಮುಂದಿನ ಶತಮಾನಗಳ ನ್ಯಾಯಶಾಸ್ತ್ರಜ್ಞರಿಗೆ ದೊಡ್ಡ ಚರ್ಚಾವಿಷಯವಾಯಿತು. ವಲೀ ಇಲ್ಲದೆ ವಿವಾಹವೇ ಸಿಂಧುವಲ್ಲವೆಂದು ಮಾಲಿಕಿ, ಶಾಫಿಈ, ಹಂಬಲಿ ಪಂಥಗಳು ನಿಲುವು ತಳೆದರೆ, ವಯಸ್ಕಳೂ ವಿವೇಕಿಯೂ ಆದ ಹೆಣ್ಣು ತನ್ನ ವಿವಾಹವನ್ನು ತಾನೇ ಒಪ್ಪಂದ ಮಾಡಿಕೊಳ್ಳಬಲ್ಲಳೆಂದು ಹನಫಿ ಪಂಥ ಒಪ್ಪಿತು. ಹೀಗೆ ಒಬ್ಬ ವಿಧವೆಯ ಮರುಮದುವೆಯ ಸಂದರ್ಭವು ಶಾಸ್ತ್ರದ ವಾಗ್ವಾದವಾಗಿ ಬೆಳೆಯಿತು. ಅದೇ ಕಾಲದ ಮದೀನಾದಲ್ಲಿ ಖನ್ಸಾ ಬಿಂತ್ ಖಿದಾಮ್ ಎಂಬಾಕೆಯನ್ನು ಅವಳ ಇಷ್ಟಕ್ಕೆ ವಿರುದ್ಧವಾಗಿ ತಂದೆ ಮದುವೆ ಮಾಡಿದಾಗ ಪ್ರವಾದಿಯವರು ಆ ಮದುವೆಯನ್ನು ರದ್ದುಗೊಳಿಸಿದ ಪ್ರಸಂಗವನ್ನೂ ಇದರೊಡನೆ ಇಟ್ಟು ನೋಡಬೇಕು. ಸಮ್ಮತಿಯ ಈ ಹಕ್ಕು ಸ್ವತಂತ್ರ ಹೆಣ್ಣಿನದು. ದಾಸಿಯ ವಿವಾಹ ಒಡೆಯನ ಒಪ್ಪಿಗೆಯನ್ನೇ ಅವಲಂಬಿಸಿತ್ತು ಎಂಬುದನ್ನೂ ಮರೆಯುವಂತಿಲ್ಲ.

3

ಹೊಸ ಮನೆಯೆಂದರೆ ಅದಕ್ಕೆ ಮುಂಚೆ ತೀರಿಕೊಂಡಿದ್ದ ಇನ್ನೊಬ್ಬ ಪತ್ನಿ ಝೈನಬ್ ಬಿಂತ್ ಖುಝೈಮಾಳ ಕೋಣೆ. ಅಲ್ಲಿದ್ದ ಜವೆಗೋಧಿಯನ್ನು ಬೀಸುಕಲ್ಲಿನಲ್ಲಿ ಬೀಸಿ, ಕೊಬ್ಬು ಬೆರೆಸಿ ಬೇಯಿಸಿದ್ದೇ ಮದುವೆಯ ರಾತ್ರಿಯ ಊಟ. ಬಹುಪತ್ನಿತ್ವದ ಆ ಮನೆಯಲ್ಲಿ ಸರದಿಯ ನ್ಯಾಯವೂ ಇತ್ತು. ಏಳು ರಾತ್ರಿ ತನ್ನೊಡನಿರಬೇಕೆಂದು ಬಯಸಿದರೆ ಉಳಿದವರಿಗೂ ಏಳೇಳು ರಾತ್ರಿ ಸಲ್ಲುವುದೆಂದು ಪ್ರವಾದಿಯವರು ಹೇಳಿದಾಗ ಆಕೆ ಮೂರನ್ನೇ ಆರಿಸಿಕೊಂಡಳು. ಮಕ್ಕಳನ್ನು ಕುರಿತ ಮಾತು ಉಳಿಯಿತು. ಅಬೂ ಸಲಮನ ಮಕ್ಕಳು ಆ ಮನೆಯಲ್ಲೇ ಬೆಳೆದರು. ಮಗಳು ಝೈನಬ್ ಮದೀನಾದ ವಿದುಷಿಯರಲ್ಲಿ ಒಬ್ಬಳೆನಿಸಿದಳು.

ಉಮ್ಮು ಸಲಮ ಪ್ರಶ್ನೆ ಕೇಳುವವಳಾಗಿಯೇ ಪರಂಪರೆಯಲ್ಲಿ ಉಳಿದಿದ್ದಾಳೆ. ದೇವವಾಣಿಯಲ್ಲಿ ಗಂಡಸರ ಉಲ್ಲೇಖವಿರುವಂತೆ ಹೆಂಗಸರ ಉಲ್ಲೇಖ ಏಕಿಲ್ಲವೆಂದು ಆಕೆ ಕೇಳಿದಳು. ಕುರ್‌ಆನಿನ 33ನೆಯ ಅಧ್ಯಾಯದ 35ನೆಯ ಸೂಕ್ತ ವಿಶ್ವಾಸಿ ಪುರುಷರನ್ನೂ ಸ್ತ್ರೀಯರನ್ನೂ ಜೊತೆಜೊತೆಯಾಗಿ ಹೆಸರಿಸಿ ಇಬ್ಬರಿಗೂ ಒಂದೇ ಪ್ರತಿಫಲವನ್ನು ಹೇಳುತ್ತದೆ. ಅದು ಈ ಪ್ರಶ್ನೆಗೆ ದೊರೆತ ಉತ್ತರವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಇನ್ನೊಮ್ಮೆ ದಾಸಿಯಿಂದ ತಲೆ ಬಾಚಿಸಿಕೊಳ್ಳುತ್ತಿದ್ದಾಗ ಮಸೀದಿಯಿಂದ ಜನರನ್ನು ಕರೆಯುವ ಪ್ರವಾದಿಯವರ ದನಿ ಕೇಳಿಸಿತು. ಕರೆದುದು ಗಂಡಸರನ್ನು ಎಂದು ದಾಸಿ ತಡೆದಾಗ, ತಾನೂ ಜನರಲ್ಲಿ ಒಬ್ಬಳೆಂದು ಆಕೆ ಹೇಳಿದಳಂತೆ. ಪ್ರವಾದಿಯವರ ಪತ್ನಿಯರಿಗೆ ಬುದ್ಧಿ ಹೇಳಲು ಬಂದ ಉಮರ್ ಅವರಿಗೆ, ಗಂಡಹೆಂಡಿರ ನಡುವೆಯೂ ತಲೆಹಾಕುವಿರಾ ಎಂದು ಕೇಳಿ ಬಾಯಿ ಕಟ್ಟಿಸಿದವಳೂ ಈಕೆಯೇ. 628ರ ಹುದೈಬಿಯಾ ಒಪ್ಪಂದದ ವೇಳೆ ಅಸಮಾಧಾನಗೊಂಡ ಅನುಯಾಯಿಗಳು ಬಲಿ ನೀಡಿ ತಲೆ ಬೋಳಿಸಿಕೊಳ್ಳಲು ಹಿಂದೇಟು ಹಾಕಿದಾಗ, ಯಾರೊಡನೆಯೂ ಮಾತಾಡದೆ ಮೊದಲು ತಾವೇ ಹಾಗೆ ಮಾಡಿರೆಂದು ಆಕೆ ಸೂಚಿಸಿದಳು. ಪ್ರವಾದಿಯವರು ಹಾಗೆಯೇ ಮಾಡಿದರು, ಉಳಿದವರೆಲ್ಲ ಅನುಸರಿಸಿದರು.

4

632ರಲ್ಲಿ ಪ್ರವಾದಿಯವರ ನಿಧನದೊಂದಿಗೆ ಉಮ್ಮು ಸಲಮ ಎರಡನೆಯ ಬಾರಿ ವಿಧವೆಯಾದಳು. ಈ ವೈಧವ್ಯ ಮೊದಲಿನಂತಿರಲಿಲ್ಲ. ಪ್ರವಾದಿಯವರ ಪತ್ನಿಯರು ವಿಶ್ವಾಸಿಗಳ ತಾಯಂದಿರು. ಅವರನ್ನು ಮತ್ತಾರೂ ಮದುವೆಯಾಗಕೂಡದೆಂದು ಕುರ್‌ಆನ್ ವಿಧಿಸಿತ್ತು. ಅಂದಿನಿಂದ ಸುಮಾರು ಐವತ್ತು ವರ್ಷಗಳ ಕಾಲ ಆಕೆ ಮದೀನಾದಲ್ಲಿ ಬದುಕಿದಳು. ಆಕೆಯ ಹೆಸರಿನಲ್ಲಿ ಉಳಿದಿರುವ ಹದೀಸ್‌ಗಳ ಸಂಖ್ಯೆ 378 ಎಂದು ಸಂಪ್ರದಾಯ ಲೆಕ್ಕ ಹಾಕುತ್ತದೆ. ಪ್ರವಾದಿಯವರ ಪತ್ನಿಯರಲ್ಲಿ ಈ ವಿಷಯದಲ್ಲಿ ಆಕೆಗಿಂತ ಮುಂದಿರುವವಳು ಆಯಿಷಾ ಮಾತ್ರ.

ಈ ಅವಧಿಯ ಒಂದು ಪ್ರಸಂಗ ವಿಶೇಷವಾಗಿ ಪರಿಶೀಲನಾರ್ಹ. ಗರ್ಭಿಣಿಯಾಗಿದ್ದಾಗ ಗಂಡನನ್ನು ಕಳೆದುಕೊಂಡವಳು ಹೆರಿಗೆಯಾದ ಮೇಲೆ ಮರುಮದುವೆಯಾಗಬಹುದೇ, ಅಥವಾ ನಾಲ್ಕು ತಿಂಗಳು ಹತ್ತು ದಿನ ಕಾಯಲೇಬೇಕೇ ಎಂಬ ಪ್ರಶ್ನೆ ಮದೀನಾದ ವಿದ್ವಾಂಸರಲ್ಲಿ ಎದ್ದಿತು. ಎರಡರಲ್ಲಿ ದೀರ್ಘವಾದ ಅವಧಿಯೇ ಸರಿಯೆಂದು ಇಬ್ನ್ ಅಬ್ಬಾಸ್ ವಾದಿಸಿದನು, ಇನ್ನಿಬ್ಬರು ಒಪ್ಪಲಿಲ್ಲ. ತೀರ್ಮಾನಕ್ಕಾಗಿ ಅವರು ಉಮ್ಮು ಸಲಮಳ ಬಳಿಗೆ ಆಳನ್ನು ಕಳುಹಿಸಿದರು. ಆಕೆ ಸುಬೈಅ ಎಂಬಾಕೆಯ ನಿದರ್ಶನವನ್ನು ನೀಡಿದಳು. ಗಂಡ ಸತ್ತ ಕೆಲವೇ ದಿನಗಳಲ್ಲಿ ಸುಬೈಅಳಿಗೆ ಹೆರಿಗೆಯಾಗಿತ್ತು. ಪ್ರವಾದಿಯವರು ಅವಳಿಗೆ ಮದುವೆಯ ಅನುಮತಿ ನೀಡಿದ್ದರು. ನ್ಯಾಯಶಾಸ್ತ್ರದಲ್ಲಿ ಬಹುಮತದ ನಿಲುವಾಗಿ ಉಳಿದುದು ಇದೇ.

ತನಗೆ ಮುಚ್ಚಿದ್ದ ಬಾಗಿಲನ್ನು ಇತರ ವಿಧವೆಯರಿಗೆ ತೆರೆದಿಡುವ ಮಾತನ್ನು ಆಡಿದವಳು ಮರುಮದುವೆಯ ಹಕ್ಕಿಲ್ಲದ ಈ ವಿಧವೆ. ಗಂಡಸರ ವಾದ ನಿಂತ ಎಡೆಯಲ್ಲಿ ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿನ ಅನುಭವವನ್ನು ಸಾಕ್ಷಿಯಾಗಿ ಒದಗಿಸಿದಳು. ವಿವಾಹದ ಕಟ್ಟಳೆಗಳು ಗಂಡಸರೇ ಬರೆದ ಶಾಸ್ತ್ರವೆಂಬ ಗ್ರಹಿಕೆಯನ್ನು ಈ ಪ್ರಸಂಗ ಪೂರ್ತಿ ಅಲ್ಲಗಳೆಯುವುದಿಲ್ಲ. ಆದರೆ ಆ ಶಾಸ್ತ್ರದ ತಳಪಾಯದಲ್ಲಿ ಹೆಂಗಸರ ಮಾತುಗಳಿವೆ ಎಂಬುದನ್ನು ತೋರಿಸುತ್ತದೆ.

680ರ ಆಸುಪಾಸಿನಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಉಮ್ಮು ಸಲಮ ಮದೀನಾದಲ್ಲಿ ತೀರಿಕೊಂಡಳು. ಪ್ರವಾದಿಯವರ ಪತ್ನಿಯರಲ್ಲಿ ಕೊನೆಯದಾಗಿ ಮರಣಿಸಿದವಳು ಈಕೆಯೇ ಎಂಬುದು ಹೆಚ್ಚಿನ ಚರಿತ್ರಕಾರರ ಅಭಿಪ್ರಾಯ. ಆಕೆಯ ಸಮಾಧಿ ಬಕೀಅ್‌ನಲ್ಲಿದೆ. ಎರಡು ಕುಲಗಳ ಎಳೆದಾಟದಲ್ಲಿ ಗಂಡನನ್ನೂ ಮಗುವನ್ನೂ ಕಳೆದುಕೊಂಡು ಅಬ್‌ತಹ್‌ನಲ್ಲಿ ಕುಳಿತು ಅತ್ತವಳು, ವಿವಾಹದ ಪ್ರಶ್ನೆಗಳಿಗೆ ವಿದ್ವಾಂಸರು ಉತ್ತರ ಕೇಳಿ ಕಳುಹಿಸುವ ಹಿರಿಯಳಾದುದು ಒಂದೇ ಜೀವಮಾನದಲ್ಲಿ. ಆದರೆ ಆಕೆಯ ಬದುಕಿನಲ್ಲಿ ತೆರೆದುಕೊಂಡ ಸಮ್ಮತಿಯ ಎಡೆಯು ಮುಂದಿನ ಶತಮಾನಗಳಲ್ಲಿ ಎಲ್ಲೆಡೆಯೂ ಒಂದೇ ಬಗೆಯಾಗಿ ಉಳಿಯಲಿಲ್ಲ. ನಾದಿರಾಳ ದುರಂತವನ್ನು ಧರ್ಮದ ಅನಿವಾರ್ಯ ಫಲವೆಂದು ಓದುವ ಮುನ್ನ, ಅದೇ ಪರಂಪರೆಯ ಮೂಲದಲ್ಲಿ ಮೂವರು ಹಿರಿಯರ ಪ್ರಸ್ತಾಪಗಳನ್ನು ತೂಗಿ ನೋಡಿ ಉತ್ತರಿಸಿದ ಈ ವಿಧವೆಯನ್ನೂ ನಮ್ಮ ವಿಮರ್ಶೆ ಗಮನಕ್ಕೆ ತಂದುಕೊಳ್ಳಬೇಕಾಗಿದೆ.